ಒಂದು ಚೀಲ ಹೊಕ್ಕುಳಬಳ್ಳಿ ರಕ್ತ: ಕಾಂಡಕೋಶ ಬೆಳೆಸುವಾಗ ನಾವು ಕಂಡುಕೊಂಡದ್ದು

ಹೊಕ್ಕುಳಬಳ್ಳಿ ರಕ್ತದ ದೊಡ್ಡ ಕೊರತೆ ಅದರ ಪ್ರಮಾಣ. ಎಲ್ಲ ರಕ್ತಕಣಗಳನ್ನೂ ಹುಟ್ಟಿಸುವ ಕಾಂಡಕೋಶಗಳ ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಸುಮಾರು ಎರಡೂವರೆ ಕೋಟಿಯಾದರೂ ನ್ಯೂಕ್ಲಿಯಸ್ ಇರುವ ಕೋಶಗಳು ಬೇಕು ಎಂಬುದು ಬಳಕೆಯಲ್ಲಿರುವ ಲೆಕ್ಕ. 70 ಕಿಲೋ ತೂಗುವವರಿಗೆ ಅದು 175 ಕೋಟಿ ಆಗುತ್ತದೆ. ಬ್ಯಾಂಕಿನಿಂದ ಬರುವ ಚೀಲದಲ್ಲಿ ಎಷ್ಟೋ ಸಲ 100–150 ಕೋಟಿಯಷ್ಟೇ ಇರುತ್ತದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಕಸಿಯಲ್ಲಿ ರೋಗಿ ಪುಟ್ಟ ಹುಡುಗ, ಒಂದು ಚೀಲ ಸಾಕಾಯಿತು. ದೊಡ್ಡವರ ವಿಷಯಕ್ಕೆ ಬಂದರೆ ಸಾಲದು. ಅದಕ್ಕೇ ಲ್ಯಾಬಿನಲ್ಲಿ ಬೆಳೆಸುವ ಈ ಉಪದ್ವ್ಯಾಪ. ಕೋಶಗಳ ಸಂಖ್ಯೆ ಏರಿಸಲು ಹೆಚ್ಚು ಜಾಣತನ ಬೇಡ, ಸೈಟೊಕೈನ್ (ಕೋಶಗಳಿಗೆ ಬೆಳೆಯಲು ಸಂಕೇತ ಕೊಡುವ ಪ್ರೋಟೀನ್) ಸುರಿದರೆ ಅವು ತಾವಾಗಿಯೇ ಏರುತ್ತವೆ. ಏರಿದ್ದರಲ್ಲಿ ನಿಜವಾದ ಕಾಂಡಕೋಶ ಎಷ್ಟು ಉಳಿದಿದೆ ಎಂಬಲ್ಲೇ ಎಲ್ಲರೂ ಎಡವುವುದು.

ಕೆಲಸದ ಅರ್ಧ ಭವಿಷ್ಯ ಚೀಲ ಕರಗಿಸುವ ಹದಿನೈದು ನಿಮಿಷದಲ್ಲಿ ನಿರ್ಧಾರವಾಗುತ್ತದೆ. ದ್ರವ ಸಾರಜನಕದಿಂದ ತೆಗೆದ ಚೀಲವನ್ನು ಇನ್ನೊಂದು ಸ್ಟೆರೈಲ್ ಚೀಲದೊಳಗಿಟ್ಟು 37 ಡಿಗ್ರಿ ನೀರಿನಲ್ಲಿ ಮುಳುಗಿಸುತ್ತೇವೆ. ಹೆಪ್ಪುಗಟ್ಟಿದ ಪ್ಲಾಸ್ಟಿಕ್ ಸೀಳುವುದುಂಟು, ಹೊರಚೀಲ ಇದ್ದರೆ ಒಳಗಿನದು ಉಳಿಯುತ್ತದೆ. ಬೆರಳಿನಿಂದ ಮೆಲ್ಲಗೆ ನಾದುತ್ತಾ, ಒಳಗೆ ಇನ್ನೂ ಸ್ವಲ್ಪ ಮಂಜಿನ ಚೂರು ಇರುವಾಗಲೇ ಹೊರಗೆ ತೆಗೆಯಬೇಕು. ಪೂರ್ತಿ ಕರಗಿ ಬೆಚ್ಚಗಾಗುವವರೆಗೆ ಬಿಟ್ಟರೆ, ಹೆಪ್ಪುಗಟ್ಟಿಸುವಾಗ ಕೋಶ ಕಾಪಾಡಲು ಹಾಕಿದ 10 ಶೇಕಡ ಡಿಎಂಎಸ್‌ಒ ಕೋಶಗಳನ್ನು ಕೊಲ್ಲತೊಡಗುತ್ತದೆ. ಆಮೇಲೆ ಡೆಕ್ಸ್‌ಟ್ರಾನ್ 40 ಮತ್ತು ಆಲ್ಬುಮಿನ್ ಬೆರೆಸಿದ ದ್ರಾವಣವನ್ನು ಚೀಲದ ದ್ರವದಷ್ಟೇ ಪ್ರಮಾಣದಲ್ಲಿ ಹನಿಹನಿಯಾಗಿ ಸೇರಿಸಿ ಐದು ನಿಮಿಷ ಸುಮ್ಮನೆ ಬಿಡುತ್ತೇವೆ. ಡಿಎಂಎಸ್‌ಒ ತುಂಬಿಕೊಂಡ ಕೋಶಕ್ಕೆ ಒಮ್ಮೆಲೇ ತೆಳುವಾದ ದ್ರಾವಣ ಸುರಿದರೆ ನೀರು ಒಳಗೆ ನುಗ್ಗಿ ಕೋಶ ಒಡೆಯುತ್ತದೆ. ಅವಸರ ಮಾಡಿದ ದಿನ ಟ್ಯೂಬಿನ ತಳದಲ್ಲಿ ಕೋಶಗಳ ಬದಲು ಸಿಂಬಳದಂಥ ಮುದ್ದೆ ಕೂತಿರುತ್ತದೆ.

ಆ ಮುದ್ದೆ ಸತ್ತ ಗ್ರಾನ್ಯುಲೊಸೈಟ್ ಎಂಬ ಬಿಳಿರಕ್ತಕಣಗಳಿಂದ ಹೊರಬಿದ್ದ ಡಿಎನ್‌ಎ. ಹೆಪ್ಪುಗಟ್ಟಿಸಿ ಕರಗಿಸುವುದನ್ನು ಅವು ತಾಳುವುದೇ ಇಲ್ಲ. ಮಿಲಿಲೀಟರ್‌ಗೆ 100 ಯೂನಿಟ್‌ನಂತೆ ಡಿಎನ್‌ಎಸ್‌ ಎಂಬ ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿ 15 ನಿಮಿಷ ಬಿಟ್ಟರೆ ಬಿಡಿಬಿಡಿಯಾಗುತ್ತದೆ. ಆದರೆ ಈ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು. ಮುಂದಿನ ಹಂತದ ಕಾಂತೀಯ ಬೇರ್ಪಡಿಕೆಯ ಬಫರ್‌ನಲ್ಲಿ ಇಡಿಟಿಎ ಇರುತ್ತದೆ, ಅದು ಮೆಗ್ನೀಸಿಯಂ ಅನ್ನೇ ಹಿಡಿದುಬಿಡುತ್ತದೆ. ಹಾಗಾಗಿ ಮೊದಲು ಮೆಗ್ನೀಸಿಯಂ ಇರುವ ದ್ರಾವಣದಲ್ಲಿ ಡಿಎನ್‌ಎಸ್, ಆಮೇಲೆ ಇಡಿಟಿಎ ಬಫರ್. ಕ್ರಮ ಅದಲುಬದಲಾದರೆ ಕಿಣ್ವ ಹಾಕಿದ್ದೂ ದಂಡ. ಕಾಲಂಗೆ (ಕಾಂತೀಯ ಮಣಿ ಅಂಟಿದ ಕೋಶಗಳನ್ನು ಹಿಡಿಯುವ ಕೊಳವೆಗೆ) ಹಾಕುವ ಮುನ್ನ 30 ಮೈಕ್ರಾನ್ ಜರಡಿಯಲ್ಲಿ ಸೋಸುವುದನ್ನು ಮರೆತರೆ ಕಾಲಂ ಕಟ್ಟಿಕೊಳ್ಳುತ್ತದೆ, ಆಗ ಆ ಚೀಲದ ಕಥೆ ಮುಗಿದಂತೆ.

ಕಾಂಡಕೋಶ ಮತ್ತು ಎಳೆಯ ರಕ್ತಕೋಶಗಳ ಮೈಮೇಲಿರುವ ಸಿಡಿ34 ಎಂಬ ಪ್ರೋಟೀನನ್ನು ಹಿಡಿಯುವ ಕಾಂತೀಯ ಮಣಿಗಳ ಬೇರ್ಪಡಿಕೆಯಲ್ಲಿ ಹೊಸ ವಿಷಯವೇನಿಲ್ಲ. ಹತ್ತು ಕೋಟಿ ಕೋಶಗಳಿಗೆ 300 ಮೈಕ್ರೊಲೀಟರ್ ಬಫರ್, ಎಫ್‌ಸಿ ತಡೆಯುವ ದ್ರಾವಣ (ಮಣಿಯ ಪ್ರತಿಕಾಯ ಬೇಡದ ಕೋಶಗಳಿಗೆ ಅಂಟದಿರಲು) 100, ಮಣಿಗಳು 100, ಫ್ರಿಜ್ ತಂಪಿನಲ್ಲಿ ಅರ್ಧ ಗಂಟೆ. ಇದು ಪ್ರಯೋಗದ ಅಳತೆ. ರೋಗಿಗೆ ಕೊಡುವುದಕ್ಕೆ ಮುಚ್ಚಿದ ಯಂತ್ರವೇ ಬೇಕು, ಸೈಟೊಕೈನ್ ಕೂಡ ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟ) ದರ್ಜೆಯದ್ದೇ ಆಗಬೇಕು. ಸತ್ತ ಕೋಶಗಳು ಮಣಿಗೆ ಸುಮ್ಮಸುಮ್ಮನೆ ಅಂಟಿಕೊಂಡು ಶುದ್ಧತೆ ಕೆಡಿಸುತ್ತವೆ. ಕರಗಿಸುವಾಗ ಕೆಟ್ಟದ್ದು ಇಲ್ಲಿ ಎರಡನೇ ಸಲ ಕಾಡುತ್ತದೆ. ಮಣಿಗೆ ಅಂಟದೆ ಹರಿದುಹೋದ ಭಾಗವನ್ನು ಚೆಲ್ಲಬಾರದು. ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳೆಲ್ಲ ಅದರಲ್ಲಿವೆ. ಅದನ್ನು ಮತ್ತೆ ಹೆಪ್ಪುಗಟ್ಟಿಸಿಟ್ಟು, ಬೆಳೆಸಿದ ಭಾಗದ ಜೊತೆಗೆ ರೋಗಿಗೆ ಕೊಡುವುದು ರೂಢಿ. ಬೆಳೆಸಿದ ಭಾಗದಲ್ಲಿ ಟಿ ಕೋಶ ಇಲ್ಲವೆನ್ನುವಷ್ಟು ಕಡಿಮೆ.

ಬೆಳೆಸಲು ಸೀರಂ ಇಲ್ಲದ ಮಾಧ್ಯಮ (ಕೋಶಗಳ ಪೋಷಕ ದ್ರವ). ಎಸ್‌ಸಿಎಫ್, ಟಿಪಿಒ, ಎಫ್‌ಎಲ್‌ಟಿ3 ಲಿಗ್ಯಾಂಡ್ ಎಂಬ ಮೂರು ಸೈಟೊಕೈನ್ ತಲಾ ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ, ಜೊತೆಗೆ ಕಾಂಡಕೋಶಗಳ ಗುಣ ಉಳಿಸುವ ಸಣ್ಣ ಅಣುವಾದ ಯುಎಂ171, 35 ನ್ಯಾನೊಮೋಲಾರ್. ಐಎಲ್-3 ಎಂಬ ಇನ್ನೊಂದು ಸೈಟೊಕೈನ್ ಸೇರಿಸಿದರೆ ಸಂಖ್ಯೆ ಚೆನ್ನಾಗಿ ಜಿಗಿಯುತ್ತದೆ, ಆದರೆ ಕೋಶಗಳು ಬೇಗ ಪ್ರಬುದ್ಧವಾಗಿಬಿಡುತ್ತವೆ. ನಾವು ಹಾಕುವುದಿಲ್ಲ. ಯುಎಂ171 ಅನ್ನು ಡಿಎಂಎಸ್‌ಒನಲ್ಲಿ ಕರಗಿಸಿ ಸಣ್ಣ ಸಣ್ಣ ಪಾಲು ಮಾಡಿಡುತ್ತೇವೆ, ಕೊನೆಯ ಮಾಧ್ಯಮದಲ್ಲಿ ಡಿಎಂಎಸ್‌ಒ 0.1 ಶೇಕಡ ಮೀರಬಾರದು. ಸೈಟೊಕೈನ್ ಬಾಟಲಿಯನ್ನು ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅದರ ಬಲ ಕುಂದುತ್ತದೆ, ಆಲ್ಬುಮಿನ್ ಇಲ್ಲದೆ ತೆಳು ಮಾಡಿಟ್ಟರೆ ಪ್ಲಾಸ್ಟಿಕ್ ಗೋಡೆಗೇ ಅಂಟಿಹೋಗುತ್ತದೆ. ಕಾರಣ ಸಿಗದೆ ಬೆಳವಣಿಗೆ ಕುಂಠಿತವಾದಾಗ ನಾವು ಮೊದಲು ಅನುಮಾನಿಸುವುದು ಇದನ್ನೇ.

ಮಿಲಿಲೀಟರ್‌ಗೆ 50 ಸಾವಿರ ಕೋಶಗಳಿಂದ ಆರಂಭಿಸುತ್ತೇವೆ. ಮೂರನೆಯ ದಿನದವರೆಗೆ ಏನೂ ಆಗಿಲ್ಲವೇನೋ ಎನ್ನಿಸುತ್ತದೆ, ಆಮೇಲೆ ದಡಬಡ ಹೆಚ್ಚುತ್ತವೆ. ಆಗ ದಿನ ಬಿಟ್ಟು ದಿನ ಎಣಿಸಿ ಹೊಸ ಮಾಧ್ಯಮ ಸೇರಿಸಿ ತೆಳು ಮಾಡಬೇಕು. ಐದು ಲಕ್ಷ ದಾಟಲು ನಾವು ಬಿಡುವುದಿಲ್ಲ. ಪ್ರಬುದ್ಧವಾದ ಕೋಶಗಳು ಟಿಜಿಎಫ್-ಬೀಟಾದಂಥ ಸಂಕೇತಗಳನ್ನು ಬಿಟ್ಟು ಕಾಂಡಕೋಶಗಳ ವಿಭಜನೆಯನ್ನೇ ತಡೆಯುತ್ತವೆ. ಮಾಧ್ಯಮ ಹಳದಿಗೆ ತಿರುಗುವವರೆಗೆ ಕಾದರೆ ತಡವಾಯಿತು ಎಂದೇ ಅರ್ಥ. ಹಳೆಯ ಮಾಧ್ಯಮ ಪೂರ್ತಿ ಬದಲಿಸುವುದಕ್ಕಿಂತ ಹೊಸದನ್ನು ಸೇರಿಸುತ್ತಾ ಹೋಗುವುದು ಮೇಲು, ಸೆಂಟ್ರಿಫ್ಯೂಜ್ ಪೆಟ್ಟು ತಪ್ಪುತ್ತದೆ.

ಏಳನೆಯ ದಿನ ಫ್ಲೋ ಸೈಟೊಮೀಟರ್ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಎದುರು ಕೂತಾಗಲೇ ನಿಜವಾದ ಮೋಸ. ತಾಜಾ ರಕ್ತದಲ್ಲಿ ಸಿಡಿ34 ಇದ್ದು ಸಿಡಿ38 ಎಂಬ ಇನ್ನೊಂದು ಪ್ರೋಟೀನ್ ಇಲ್ಲದ ಕೋಶವೆಂದರೆ ಕಾಂಡಕೋಶದ ಗುರುತು. ಕಲ್ಚರಿನಲ್ಲಿ ಈ ಗುರುತು ನಂಬುವಂತಿಲ್ಲ. ಅಲ್ಲಿ ಸಿಡಿ38 ತಾನಾಗಿಯೇ ಇಳಿಯುತ್ತದೆ, ಪ್ರಬುದ್ಧ ಕೋಶಗಳೂ ಅದನ್ನು ಕಳೆದುಕೊಳ್ಳುತ್ತವೆ. ಹಳೆಯ ಗೇಟನ್ನೇ (ಕೋಶ ಆರಿಸುವ ಮಿತಿಯನ್ನೇ) ಇಟ್ಟರೆ ಕಾಂಡಕೋಶಗಳು ಬೆರಗಾಗುವಷ್ಟು ಹೆಚ್ಚಿದಂತೆ ಕಾಣುತ್ತದೆ, ಇಲಿಗೆ ಹಾಕಿದರೆ ಕಸಿ ಹಿಡಿಯುವುದಿಲ್ಲ. ನಾವು ನೋಡುವುದು ಸಿಡಿ34, ಸಿಡಿ90, ಇಪಿಸಿಆರ್ ಮೂರೂ ಇದ್ದು ಸಿಡಿ45ಆರ್‌ಎ ಇಲ್ಲದ ಗುಂಪನ್ನು. 7-ಎಎಡಿ ಎಂಬ ಬಣ್ಣ ಹಾಕಿ ಸತ್ತವನ್ನು ಹೊರಗಿಡದಿದ್ದರೆ ಈ ಗುಂಪೂ ಸುಳ್ಳು ಹೇಳುತ್ತದೆ. ಹದಿನಾಲ್ಕು ದಿನದ ಕಾಲೊನಿ ಪರೀಕ್ಷೆ ಕಾಂಡಕೋಶದಿಂದ ಹುಟ್ಟುವ ಪೂರ್ವಜ ಕೋಶಗಳ ಕತೆ ಹೇಳುತ್ತದೆಯೇ ಹೊರತು ಕಾಂಡಕೋಶದ್ದಲ್ಲ. ಹೊಸ ವಿಧಾನವೊಂದು ಗೆದ್ದಿದೆ ಎನ್ನಲು ರೋಗನಿರೋಧಕ ಶಕ್ತಿ ಇಲ್ಲದ ಇಲಿಯಲ್ಲಿ ಕನಿಷ್ಠ 16 ವಾರ ಮಾನವ ಕೋಶ ಉಳಿದದ್ದು ಕಾಣಬೇಕು.

ಬೇರೆ ದಾರಿಯೂ ಇದೆ. ನಿಕೋಟಿನಮೈಡ್ ಬಳಸಿ ಸುಮಾರು ಮೂರು ವಾರ ಬೆಳೆಸುವ, ಹೊಕ್ಕುಳಬಳ್ಳಿ ರಕ್ತದಿಂದಲೇ ತಯಾರಾಗುವ ಒಮಿಡುಬಿಸೆಲ್‌ಗೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಪ್ರಯೋಗದಲ್ಲಿ ಸೋಂಕು ತಡೆಯುವ ಬಿಳಿರಕ್ತಕಣವಾದ ನ್ಯೂಟ್ರೊಫಿಲ್ ಮರಳಲು ಹಿಡಿದದ್ದು ಮಧ್ಯಮಾಂಕ 12 ದಿನ, ಸಾಮಾನ್ಯ ಹೊಕ್ಕುಳಬಳ್ಳಿ ರಕ್ತಕ್ಕೆ 22 ದಿನ. ಬೆಳೆಸಿದ್ದನ್ನು ಅದರ ತಯಾರಕರು ಹೆಪ್ಪುಗಟ್ಟಿಸಿ ಕಳಿಸುತ್ತಾರೆ. ಇದರ ಅನುಕೂಲ ದೊಡ್ಡದು, ಏಕೆಂದರೆ ಏಳು ದಿನದ ತಾಜಾ ಕಲ್ಚರಿನಲ್ಲಿ ರೋಗಿಯ ಕೀಮೊ ಮತ್ತು ನಮ್ಮ ಕಲ್ಚರ್ ಒಟ್ಟಿಗೆ ಓಡುತ್ತಿರುತ್ತವೆ. ಕೀಮೊದಿಂದ ರೋಗಿಯ ಮೂಳೆಮಜ್ಜೆ ಬರಿದಾದ ಮೇಲೆ ಇತ್ತ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಕಂಡರೆ ಕೊಡಲು ಏನೂ ಇರುವುದಿಲ್ಲ. ಅದಕ್ಕೇ ಎರಡನೇ ಚೀಲವೊಂದನ್ನು ಕಾದಿರಿಸಿ, ಅದು ಆಸ್ಪತ್ರೆಯ ಟ್ಯಾಂಕ್ ಸೇರಿದ್ದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಮೊದಲನೆಯದನ್ನು ಕರಗಿಸುತ್ತೇವೆ.

ಬಿಡುಗಡೆಗೆ ಮುನ್ನ ಬ್ಯಾಕ್ಟೀರಿಯಾ ಹುಡುಕುವ ಗ್ರಾಂ ಸ್ಟೇನ್, ಬ್ಯಾಕ್ಟೀರಿಯಾದ ವಿಷವಾದ ಎಂಡೊಟಾಕ್ಸಿನ್, ಮೈಕೊಪ್ಲಾಸ್ಮಾ ಪರೀಕ್ಷೆ, 70 ಶೇಕಡಕ್ಕಿಂತ ಹೆಚ್ಚು ಜೀವಂತ ಕೋಶ, ಎಚ್‌ಎಲ್‌ಎ (ಅಂಗಾಂಶ ಹೊಂದಾಣಿಕೆಯ) ಗುರುತು. 14 ದಿನದ ಸ್ಟೆರಿಲಿಟಿ ಫಲಿತಾಂಶ ಕೋಶಗಳು ರೋಗಿಯ ಮೈ ಸೇರಿದ ಮೇಲೇ ಬರುವುದು, ಹೀಗಾಗಿ ಕಲ್ಚರಿನ ನಡುವೆ ತೆಗೆದ ಮಾದರಿಗಳ ವರದಿಯೇ ಆಧಾರ. ಚೀಲ ವಾರ್ಡಿಗೆ ಹೋಗುವಾಗ ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ಒಂದು ಸಾಲಿದೆ: ಬಿಳಿರಕ್ತಕಣ ಸೋಸುವ ಫಿಲ್ಟರ್ ಹಾಕಬೇಡಿ. ಸಾಮಾನ್ಯ ರಕ್ತದ ಅಭ್ಯಾಸದಲ್ಲಿ ಯಾರಾದರೂ ಅದನ್ನು ಸಿಕ್ಕಿಸಿದರೆ ವಾರವಿಡೀ ಬೆಳೆಸಿದ್ದು ಫಿಲ್ಟರಿನಲ್ಲೇ ಉಳಿಯುತ್ತದೆ.