ಅಳಿಸಿದ ದಾಖಲೆ ಮರಳಿ ಬಂದದ್ದು ಹೇಗೆ

ನಾನು ಕೆಲಸ ಮಾಡುವ ಸಂಸ್ಥೆಯ ಸರ್ಚ್ ಎಂಜಿನ್ ಅಪಾಚೆ ಲೂಸೀನ್ ಎಂಬ ಲೈಬ್ರರಿಯ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ) ಮೇಲೆ ಕಟ್ಟಿದ್ದು. ಪದಗಳ ಪಟ್ಟಿ ಮಾಡಿಡುವುದು, ಹುಡುಕುವುದು, ಸಿಕ್ಕ ದಾಖಲೆಗಳಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವುದು, ಇಷ್ಟನ್ನು ಡಗ್ ಕಟಿಂಗ್ 1999ರಲ್ಲಿ ಬರೆದ, 2001ರಲ್ಲಿ ಅಪಾಚೆ ಪ್ರತಿಷ್ಠಾನವನ್ನು ಸೇರಿದ ಆ ಲೈಬ್ರರಿ ನೋಡಿಕೊಳ್ಳುತ್ತದೆ. ಇಂಡೆಕ್ಸ್ ಎಂಬ ಆ ಪದಗಳ ಪಟ್ಟಿಯನ್ನು ಶಾರ್ಡುಗಳೆಂಬ ತುಂಡುಗಳಾಗಿ ಒಡೆದು ಹಲವು ಯಂತ್ರಗಳಿಗೆ ಹಂಚುವುದು, ಪ್ರತಿ ಶಾರ್ಡಿಗೂ ಒಂದು ಪ್ರೈಮರಿ (ಮೂಲ ಪ್ರತಿ) ಮತ್ತು ಒಂದೆರಡು ರೆಪ್ಲಿಕಾಗಳನ್ನು (ನಕಲು ಪ್ರತಿಗಳನ್ನು) ಇಟ್ಟು ಅವೆಲ್ಲ ಒಂದೇ ಉತ್ತರ ಕೊಡುವಂತೆ ನೋಡಿಕೊಳ್ಳುವುದು ನಮ್ಮ ಕೋಡಿನ ಹೊಣೆ. ಹೊಸ ಸೌಲಭ್ಯಗಳನ್ನು ಬರೆಯುವವರು ಬೇರೆ ಇದ್ದಾರೆ. ಬರೆದದ್ದು ಕೆಟ್ಟಾಗ ಬಿಚ್ಚಿ ನೋಡುವವರಲ್ಲಿ ನಾನೊಬ್ಬ.

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಳೆ ಹಿಡಿದಾಗಿನಿಂದ ಆಟಿ ತಿಂಗಳು ಮುಗಿಯುವವರೆಗೆ ತಂತಿಯ ಮೇಲೆ ಒಂದು ಮರ ಬಿದ್ದರೂ ಕರೆಂಟು ಮತ್ತು ಇಂಟರ್ನೆಟ್ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಬೆಂಗಳೂರಿನ ಸಹೋದ್ಯೋಗಿಗಳಂತೆ ದೂರದ ಯಂತ್ರಗಳಲ್ಲಿ ದೊಡ್ಡ ಕ್ಲಸ್ಟರ್ (ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪು) ಎಬ್ಬಿಸಿ, ಅದರ ಮೇಲೆ ಹೊರೆ ಹಾಕಿ, ದೋಷ ಕಾಣಿಸಿಕೊಳ್ಳುವವರೆಗೆ ಗಂಟೆಗಟ್ಟಲೆ ಕಾಯುವ ಪದ್ಧತಿ ನನಗೆ ಒಗ್ಗಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಬಾಳುವಷ್ಟು ಹೊತ್ತಿನಲ್ಲಿ, ನೆಟ್ ಇಲ್ಲದೆಯೂ, ದೋಷವನ್ನು ಬೇಕೆಂದಾಗಲೆಲ್ಲ ಹುಟ್ಟಿಸಿ ನೋಡಬಲ್ಲ ದಾರಿಯನ್ನು ಕಂಡುಕೊಳ್ಳಬೇಕಾಯಿತು. ಅನಿವಾರ್ಯವಾಗಿ ಹಿಡಿದ ಆ ದಾರಿಯೇ ಈ ಕೆಲಸಕ್ಕೆ ಹೆಚ್ಚು ತಕ್ಕದ್ದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಹಲವು ಯಂತ್ರಗಳಲ್ಲಿ ಹರಡಿದ ವ್ಯವಸ್ಥೆಯಲ್ಲಿ ದೋಷವಿರುವುದು ಸಾಮಾನ್ಯವಾಗಿ ಒಂದು ಸಾಲಿನ ಕೋಡಿನಲ್ಲಲ್ಲ, ಘಟನೆಗಳು ನಡೆದ ಅನುಕ್ರಮದಲ್ಲಿ; ಆ ಅನುಕ್ರಮವನ್ನು ಕೈವಶ ಮಾಡಿಕೊಳ್ಳದೆ ಬರೆದ ಪ್ಯಾಚ್, ಅಂದರೆ ತಿದ್ದುಪಡಿ, ಬರಿಯ ಊಹೆಯಾಗಿ ಉಳಿಯುತ್ತದೆ.

ಒಂದು ದೂರು ಹೀಗಿತ್ತು: ಅಳಿಸಿಹಾಕಿದ ಕೆಲವು ದಾಖಲೆಗಳು ಹುಡುಕಿದಾಗ ಒಮ್ಮೆ ಕಾಣುತ್ತವೆ, ಪುಟವನ್ನು ಮತ್ತೆ ತೆರೆದರೆ ಕಾಣುವುದಿಲ್ಲ, ಮೂರನೆಯ ಸಲ ಮತ್ತೆ ಕಾಣುತ್ತವೆ. ಇಂಥ ದೂರು ಬಂದ ಕೂಡಲೇ ನಾನು ಮಾಡುವ ಮೊದಲ ಕೆಲಸ, ಅದನ್ನು ಅದರ ನಿರುಪದ್ರವಿ ಸೋದರನಿಂದ ಬೇರ್ಪಡಿಸುವುದು. ಲೂಸೀನಿನಲ್ಲಿ ಅಳಿಸುವುದೆಂದರೆ ಆ ದಾಖಲೆಯ ಮೇಲೆ ಒಂದು ಗುರುತು ಹಾಕುವುದು ಮಾತ್ರ; ಅದು ನಿಜವಾಗಿ ಹೊರಹೋಗುವುದು ಸೆಗ್ಮೆಂಟುಗಳು (ಇಂಡೆಕ್ಸಿನ ಸಣ್ಣ ಭಾಗಗಳು) ಮುಂದೆ ಎಂದೋ ಮರ್ಜ್ ಆಗುವಾಗ, ಅಂದರೆ ಒಂದುಗೂಡುವಾಗ. ಅಲ್ಲಿಯವರೆಗೆ, ಒಂದು ಪದ ಎಷ್ಟು ದಾಖಲೆಗಳಲ್ಲಿದೆ ಎಂಬ ಎಣಿಕೆಯಲ್ಲಿ ಅಳಿಸಿದ ದಾಖಲೆಗಳೂ ಸೇರಿರುತ್ತವೆ, ಮತ್ತು ಬಿಎಂ25 ಸೂತ್ರ ಅಂಕ ಕೊಡುವುದು ಆ ಎಣಿಕೆಯನ್ನು ನೋಡಿಯೇ. ಪ್ರೈಮರಿ ಮತ್ತು ರೆಪ್ಲಿಕಾ ತಮ್ಮ ತಮ್ಮ ಸಮಯದಲ್ಲಿ ಮರ್ಜ್ ಮಾಡಿಕೊಳ್ಳುವುದರಿಂದ ಒಂದೇ ದಾಖಲೆಗೆ ಎರಡು ಕಡೆ ಸ್ವಲ್ಪ ಬೇರೆ ಅಂಕ ಬಂದು, ಫಲಿತಾಂಶದ ಸಾಲು ಪ್ರತಿ ಸಲ ಕದಲಿದಂತೆ ಕಾಣುತ್ತದೆ. ಇದು ದೋಷವಲ್ಲ, ಒಬ್ಬ ಬಳಕೆದಾರನ ಹುಡುಕಾಟಗಳನ್ನೆಲ್ಲ ಒಂದೇ ಪ್ರತಿಗೆ ಕಳಿಸಿದರೆ ಅವನ ಮಟ್ಟಿಗೆ ಸಮಸ್ಯೆ ಮುಗಿಯಿತು. ಆದರೆ ಸಾಲು ಕದಲುವುದು ಬೇರೆ, ಇಲ್ಲದ ದಾಖಲೆ ಎದ್ದುಬರುವುದು ಬೇರೆ. ಎರಡೂ ಪ್ರತಿಗಳಿಂದ ದಾಖಲೆಗಳ ಗುರುತಿನ ಸಂಖ್ಯೆಗಳನ್ನು ತೆಗೆದು ಹೋಲಿಸಿದಾಗ, ಪ್ರೈಮರಿಯಲ್ಲಿ ಇಲ್ಲದ ಕೆಲವು ರೆಪ್ಲಿಕಾದಲ್ಲಿ ಜೀವಂತವಾಗಿದ್ದವು. ಅಂದರೆ ಇದು ನಿಜವಾದ ದೋಷ.

ಮುಂದಿನದು ಲಾಗುಗಳನ್ನು, ಅಂದರೆ ಯಂತ್ರಗಳು ನಡೆದದ್ದನ್ನೆಲ್ಲ ಬರೆದಿಡುವ ದಿನಚರಿಗಳನ್ನು, ಓದುವ ಕೆಲಸ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ: ಎಲ್ಲ ನೋಡುಗಳ (ಕ್ಲಸ್ಟರಿನ ಒಂದೊಂದು ಯಂತ್ರಕ್ಕೆ ನೋಡ್ ಎನ್ನುತ್ತಾರೆ) ಲಾಗುಗಳನ್ನು ಒಟ್ಟು ಮಾಡಿ ಗಡಿಯಾರದ ಸಮಯಕ್ಕೆ ತಕ್ಕಂತೆ ಜೋಡಿಸುತ್ತಾರೆ. ಯಂತ್ರಗಳ ಗಡಿಯಾರಗಳು ಪರಸ್ಪರ ಒಪ್ಪುವುದಿಲ್ಲವಾದ್ದರಿಂದ, ಹಾಗೆ ಜೋಡಿಸಿದಾಗ ಕಾರಣಕ್ಕಿಂತ ಮೊದಲೇ ಪರಿಣಾಮ ಕಾಣಿಸಿಕೊಂಡು ತನಿಖೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಪ್ರೈಮರಿಯು ಪ್ರತಿ ಬರಹಕ್ಕೂ ಒಂದು ಕ್ರಮಸಂಖ್ಯೆ ಕೊಡುತ್ತದೆ. ಲೂಸೀನಿನ ಮೇಲೆಯೇ ಕಟ್ಟಿದ ಇನ್ನೊಂದು ಸರ್ಚ್ ಎಂಜಿನ್ ಆದ, 2017ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ 6.0 ಆವೃತ್ತಿಯಲ್ಲಿ ಇದ್ದಂಥದ್ದೇ ಏರ್ಪಾಡು. ನಾನು ಸಮಯವನ್ನು ಬದಿಗಿಟ್ಟು ಕ್ರಮಸಂಖ್ಯೆಯ ಪ್ರಕಾರ ಸಾಲುಗಳನ್ನು ಜೋಡಿಸಿದೆ. ಎದ್ದುಬಂದ ಪ್ರತಿ ದಾಖಲೆಯ ವಿಷಯದಲ್ಲೂ ಸೇರಿಸುವ ಆದೇಶದ ಸಂಖ್ಯೆ ಚಿಕ್ಕದು, ಅಳಿಸುವ ಆದೇಶದ ಸಂಖ್ಯೆ ದೊಡ್ಡದು. ಆದರೆ ರೆಪ್ಲಿಕಾದಲ್ಲಿ ಜಾರಿಯಾದದ್ದು ಅಳಿಸುವುದು ಮೊದಲು, ಸೇರಿಸುವುದು ಆಮೇಲೆ.

ಆದೇಶಗಳು ಹಿಂದುಮುಂದಾಗಿ ತಲುಪುವುದು ಸಹಜ, ಅದಕ್ಕೆಂದೇ ಕೋಡಿನಲ್ಲಿ ವ್ಯವಸ್ಥೆಯೂ ಇದೆ. ರೆಪ್ಲಿಕಾ ಒಂದು ದಾಖಲೆಯನ್ನು ಅಳಿಸಿದಾಗ ಅದರ ಗುರುತಿನ ಸಂಖ್ಯೆಯನ್ನೂ, ಅಳಿಸಿದ ಆದೇಶದ ಕ್ರಮಸಂಖ್ಯೆಯನ್ನೂ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಟೂಂಬ್‌ಸ್ಟೋನ್ ಎನ್ನುತ್ತಾರೆ. ತಡವಾಗಿ ಬಂದ ಹಳೆಯ ಆದೇಶ ಇದನ್ನು ನೋಡಿ ತನ್ನ ಕಾಲ ಮುಗಿದಿದೆ ಎಂದು ತಿಳಿದು ಹಿಂದೆ ಸರಿಯುತ್ತದೆ. ಆದರೆ ಸ್ಮೃತಿ ತುಂಬಿಹೋಗಬಾರದೆಂದು ಈ ಗುರುತುಗಳನ್ನು 60 ಸೆಕೆಂಡುಗಳ ನಂತರ ಗುಡಿಸಿ ಹಾಕಲಾಗುತ್ತಿತ್ತು. ಗುಡಿಸಿದ ಮೇಲೆ ಹಳೆಯ ಆದೇಶ ಬಂದರೆ, ರೆಪ್ಲಿಕಾ ಆ ದಾಖಲೆಯನ್ನು ಎಂದೂ ಕಂಡಿಲ್ಲವೆಂದು ಭಾವಿಸಿ ಹೊಸದಾಗಿ ಸೇರಿಸಿಕೊಳ್ಳುತ್ತದೆ. ಇಷ್ಟರವರೆಗೆ ತರ್ಕ ಸರಿ. ಒಂದೇ ಕಟ್ಟಡದೊಳಗಿನ ಎರಡು ಯಂತ್ರಗಳ ನಡುವೆ ಒಂದು ಆದೇಶ ಒಂದು ನಿಮಿಷಕ್ಕೂ ಮೀರಿ ಎಲ್ಲಿ ಉಳಿದುಕೊಂಡಿತು ಎಂಬುದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ದಾಖಲೆಗಳನ್ನೇ ತೆರೆದು ನೋಡಿದಾಗ. ಎದ್ದುಬಂದ ದಾಖಲೆಗಳಲ್ಲೆಲ್ಲ ಆ ಇಂಡೆಕ್ಸಿಗೆ ಮೊದಲ ಸಲ ಬಂದ ಒಂದು ಹೊಸ ಫೀಲ್ಡ್ (ಹೆಸರು, ಬೆಲೆ ಎಂಬಂಥ ಒಂದು ಅಂಕಣ) ಇತ್ತು. ಹೊಸ ಫೀಲ್ಡ್ ಬಂದಾಗ ಅದು ಅಂಕಿಯೋ, ದಿನಾಂಕವೋ, ಪಠ್ಯವೋ ಎಂಬ ವಿವರ ಇಡೀ ಕ್ಲಸ್ಟರಿನ ಮೇಲ್ವಿಚಾರಣೆಯ ಮಾಸ್ಟರ್ ನೋಡಿನಿಂದ ಎಲ್ಲರಿಗೂ ಹೋಗಬೇಕು. ಅದು ತಲುಪುವವರೆಗೆ ರೆಪ್ಲಿಕಾ ಆ ಆದೇಶವನ್ನು ತಡೆಹಿಡಿದು ಕಾಯುತ್ತದೆ. ಅಳಿಸುವ ಆದೇಶಕ್ಕೆ ಫೀಲ್ಡುಗಳ ವಿವರ ಬೇಕಾಗಿಲ್ಲ, ಅದು ಕಾಯದೆ ಮುಂದೆ ಸಾಗುತ್ತದೆ. ಮಾಸ್ಟರ್ ಬೇರೆ ಕೆಲಸಗಳಲ್ಲಿ ಸಿಲುಕಿ ಒಂದು ನಿಮಿಷ ತಡಮಾಡಿದರೆ ಸಾಕು, ಗುರುತು ಗುಡಿಸಿ ಹೋದ ಮೇಲೆ ಕಾಯುತ್ತಿದ್ದ ಆದೇಶ ಒಳಗೆ ಬರುತ್ತದೆ.

ಇದು ಇನ್ನೂ ಊಹೆಯೇ. ಇದನ್ನು ಖಚಿತಪಡಿಸಲು ನಾನು ಬಳಸಿದ್ದು ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದಾದ ಮೇಲೊಂದರಂತೆ ನಡೆಯುವ ಒಂದೇ ಕೆಲಸದ ಸರಣಿಯಲ್ಲಿ, ಇಡೀ ಕ್ಲಸ್ಟರನ್ನು ಓಡಿಸುವ ಸಿಮ್ಯುಲೇಶನ್. ನೋಡುಗಳೆಲ್ಲ ಒಂದೇ ಪ್ರೋಗ್ರಾಮಿನೊಳಗಿನ ವಸ್ತುಗಳು, ಅವುಗಳ ನಡುವಿನ ಸಂದೇಶಗಳು ಒಂದು ಸಾಲಿನಲ್ಲಿ ನಿಂತಿರುತ್ತವೆ, ಮುಂದೆ ಯಾವ ಸಂದೇಶ ಹೋಗಬೇಕೆಂಬುದನ್ನು ಒಂದು ಸೀಡಿನಿಂದ (ಆರಂಭದಲ್ಲಿ ಕೊಡುವ ಬೀಜಸಂಖ್ಯೆಯಿಂದ) ಹುಟ್ಟಿದ ಯಾದೃಚ್ಛಿಕ ಸಂಖ್ಯೆ ತೀರ್ಮಾನಿಸುತ್ತದೆ, ಗಡಿಯಾರವೂ ಹುಸಿ. ಫೌಂಡೇಶನ್‌ಡಿಬಿ ಎಂಬ ಡೇಟಾಬೇಸನ್ನು ಕಟ್ಟಿದವರಿಂದ ಈ ವಿಧಾನ ಹೆಸರಾಯಿತು. ಒಂದೇ ಸೀಡ್ ಕೊಟ್ಟರೆ ಎಷ್ಟು ಸಲ ಓಡಿಸಿದರೂ ಅದೇ ಅನುಕ್ರಮ. 60 ಸೆಕೆಂಡು ಕಳೆಯಲು ಕಣ್ಣೆವೆ ಇಕ್ಕುವಷ್ಟು ಹೊತ್ತೂ ಬೇಡ. ಎಲ್ಲ ಸಂದೇಶಗಳೂ ತಲುಪಿ ಮುಗಿದ ಮೇಲೆ ಎರಡೂ ಪ್ರತಿಗಳಲ್ಲಿ ಒಂದೇ ದಾಖಲೆಗಳಿರಬೇಕು ಎಂಬ ಒಂದೇ ಷರತ್ತನ್ನು ಕೊನೆಯಲ್ಲಿ ಪರಿಶೀಲಿಸಿದೆ. ರಾತ್ರಿ ಓಡಲು ಬಿಟ್ಟದ್ದರಲ್ಲಿ ಷರತ್ತು ಮುರಿದ ಸೀಡುಗಳು ಬೆಳಗ್ಗೆ ಸಿಕ್ಕಿದವು.

ಸೀಡ್ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. ಕೋಡಿನಲ್ಲಿ ಬೇರೆಲ್ಲೋ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹೆಚ್ಚಿಗೆ ಕೇಳಿದರೂ ಅದೇ ಸೀಡ್ ಬೇರೊಂದು ಅನುಕ್ರಮವನ್ನು ಕೊಡುತ್ತದೆ. ಹಳೆಯ ಕಮಿಟ್‌ಗಳಿಗೆ ಹಿಂದೆ ಸರಿದು ಗಿಟ್ ಬೈಸೆಕ್ಟ್ ಮಾಡಲು, ಅಂದರೆ ಕೋಡಿನಲ್ಲಿ ದಾಖಲಾದ ಬದಲಾವಣೆಗಳಲ್ಲಿ (ಇವೇ ಕಮಿಟ್) ದೋಷ ತಂದದ್ದು ಯಾವುದೆಂದು ಅರ್ಧರ್ಧ ಮಾಡುತ್ತ ಹುಡುಕಲು, ಅದು ನಂಬಲರ್ಹವಲ್ಲ. ಆದ್ದರಿಂದ ಆ ಅನುಕ್ರಮದಿಂದ ಅನಗತ್ಯವಾದುದನ್ನೆಲ್ಲ ಒಂದೊಂದಾಗಿ ತೆಗೆದು, ಯಾದೃಚ್ಛಿಕತೆಯೇ ಇಲ್ಲದ ಸಣ್ಣ ಟೆಸ್ಟ್ ಬರೆದೆ: ಮಾಸ್ಟರಿನ ಸಂದೇಶವನ್ನು ತಡೆ, ಸೇರಿಸುವ ಆದೇಶವನ್ನು ಕಳಿಸು, ಅಳಿಸುವ ಆದೇಶವನ್ನು ಕಳಿಸು, ಗಡಿಯಾರವನ್ನು 61 ಸೆಕೆಂಡು ಮುಂದೂಡು, ಗುಡಿಸುವ ಕೆಲಸವನ್ನು ಓಡಿಸು, ಮಾಸ್ಟರಿನ ಸಂದೇಶವನ್ನು ಬಿಡು. ಟೆಸ್ಟ್ ಪ್ರತಿ ಸಲವೂ ಸೋತಿತು. ಇದನ್ನು ಹಿಡಿದು ಬೈಸೆಕ್ಟ್ ಮಾಡಿದಾಗ, ರೆಪ್ಲಿಕಾ ಆದೇಶವನ್ನು ತಡೆಹಿಡಿದು ಕಾಯುವ ಕ್ರಮವನ್ನು ತಂದ ಕಮಿಟ್‌ಗೆ ಬಂದು ನಿಂತೆ. ಗುಡಿಸುವ ಕೋಡು ಅದಕ್ಕಿಂತ ಹಳೆಯದು. ಅದನ್ನು ಬರೆದ ಕಾಲದಲ್ಲಿ ರೆಪ್ಲಿಕಾ ಯಾವ ಆದೇಶವನ್ನೂ ಕಾಯಿಸುತ್ತಿರಲಿಲ್ಲ. ಎರಡೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿದ್ದವು, ಒಟ್ಟಿಗೆ ಸೇರಿದಾಗ ಮಾತ್ರ ತಪ್ಪಾದವು. ಹಳೆಯ ಕೋಡು ಯಾವ ನಂಬಿಕೆಯ ಮೇಲೆ ನಿಂತಿದೆ ಎಂಬುದನ್ನು ಅದರ ಪಕ್ಕದಲ್ಲೇ ಅಸರ್ಶನ್ ರೂಪದಲ್ಲಿ, ಅಂದರೆ ಸುಳ್ಳಾದರೆ ಪ್ರೋಗ್ರಾಮನ್ನೇ ನಿಲ್ಲಿಸುವ ಷರತ್ತಾಗಿ, ಬರೆದಿಟ್ಟಿದ್ದರೆ ಎರಡನೆಯ ಕಮಿಟ್ ಅಂದೇ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತಿತ್ತು. ಟಿಪ್ಪಣಿಗಿಂತ ಅಸರ್ಶನ್ ಮೇಲು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ನಮ್ಮ ತಂಡದಲ್ಲೇ ಇರುವ ನೀರ್ಚಾಲಿನ ಹುಡುಗನೊಬ್ಬ ರಿವ್ಯೂ ಮಾಡುತ್ತ, "ಅಣ್ಣಾ, ಅರುವತ್ತು ಸೆಕೆಂಡನ್ನು ಒಂದು ಗಂಟೆ ಮಾಡಿದರೆ ಸಾಕಾಗದಾ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಹಾಗೆ ಮಾಡಿದರೆ ದೂರುಗಳು ಬಹುಶಃ ನಿಲ್ಲುತ್ತಿದ್ದವು, ಆದರೆ ದೋಷ ಹಾಗೆಯೇ ಉಳಿದು ಇನ್ನಷ್ಟು ಅಪರೂಪವಾಗಿ, ಇನ್ನಷ್ಟು ಹುಡುಕಲಾಗದಂತೆ ಆಗುತ್ತಿತ್ತು. ಸ್ಮೃತಿಯ ಹೊರೆ ಬೇರೆ. ಸಮಯ ಇಲ್ಲಿ ಪ್ರಮಾಣವೇ ಅಲ್ಲ. ಕೇಳಬೇಕಾದದ್ದು, ಈ ಅಳಿಸುವ ಆದೇಶಕ್ಕಿಂತ ಹಳೆಯದಾದ ಯಾವುದಾದರೂ ಇನ್ನೂ ಬರಬೇಕಾಗಿದೆಯೇ ಎಂಬುದನ್ನು. ಅದಕ್ಕೆ ಉತ್ತರ ರೆಪ್ಲಿಕಾದಲ್ಲಿಯೇ ಇತ್ತು: ಯಾವ ಕ್ರಮಸಂಖ್ಯೆಯವರೆಗೆ ಒಂದನ್ನೂ ಬಿಡದೆ ಎಲ್ಲವೂ ಜಾರಿಯಾಗಿದೆ ಎಂಬ ಲೆಕ್ಕವನ್ನು ಅದು ಲೋಕಲ್ ಚೆಕ್‌ಪಾಯಿಂಟ್ ಎಂಬ ಹೆಸರಿನಲ್ಲಿ ಇಟ್ಟಿರುತ್ತದೆ. ಸಮಯ ಕಳೆದಿರಬೇಕು, ಜತೆಗೆ ಆ ಗುರುತಿನ ಕ್ರಮಸಂಖ್ಯೆ ಚೆಕ್‌ಪಾಯಿಂಟಿನ ಒಳಗಿರಬೇಕು, ಎರಡೂ ಆದರೆ ಮಾತ್ರ ಗುಡಿಸು ಎಂಬುದೇ ನನ್ನ ಪ್ಯಾಚ್. ಕೋಡಿನಲ್ಲಿ ಒಂದು ಷರತ್ತು ಹೆಚ್ಚಾಯಿತು, ಅಷ್ಟೆ. ಚೆಕ್‌ಪಾಯಿಂಟ್ ಎಲ್ಲಾದರೂ ಸಿಕ್ಕಿಕೊಂಡರೆ ಗುರುತುಗಳು ರಾಶಿಬೀಳುವ ಅಪಾಯ ಈಗ ಹೊಸದಾಗಿ ಬಂದದ್ದರಿಂದ, ಅದು ಬಹುಕಾಲ ಮುಂದೆ ಸರಿಯದಿದ್ದರೆ ಆ ರೆಪ್ಲಿಕಾವನ್ನು ಕಳಚಿ ಪ್ರೈಮರಿಯಿಂದ ಹೊಸದಾಗಿ ಕಟ್ಟುವ ಏರ್ಪಾಡನ್ನೂ ಮಾಡಿದೆವು.

ಯಾದೃಚ್ಛಿಕ ಟೆಸ್ಟುಗಳ ಬಗ್ಗೆ ಇನ್ನೊಂದು ಮಾತು. ಲೂಸೀನಿನ ಟೆಸ್ಟುಗಳು ಪ್ರತಿ ಸಲ ಬೇರೊಂದು ಭಾಷಾ ಪ್ರದೇಶವನ್ನೂ ಸಮಯವಲಯವನ್ನೂ ಆರಿಸಿಕೊಂಡು ಓಡುತ್ತವೆ. ಆ ರೂಢಿಯನ್ನು ನಾವೂ ಇಟ್ಟುಕೊಂಡಿದ್ದೇವೆ. ತುರ್ಕಿ ಭಾಷೆಯ ನಿಯಮದಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂಗ್ಲಿಷಿನ ದೊಡ್ಡ ಐ (I) ಅಕ್ಷರವನ್ನು ಚಿಕ್ಕದು ಮಾಡಿದರೆ ಚುಕ್ಕಿಯಿಲ್ಲದ ಬೇರೆಯೇ ಅಕ್ಷರ ಬರುತ್ತದೆ. ಮರಾಠಿಯ ನಿಯಮದಲ್ಲಿ ಅಂಕಿಗಳು ದೇವನಾಗರಿಯಲ್ಲಿ ಮೂಡುತ್ತವೆ. ಒಂದು ನೋಡ್ ಫೈಲಿನ ಹೆಸರನ್ನು ಹಾಗೆ ಬರೆದು, ಇನ್ನೊಂದು ಅದರಲ್ಲಿ ಇಂಗ್ಲಿಷ್ ಅಂಕಿಗಳನ್ನು ಹುಡುಕಿದರೆ ಆ ಫೈಲ್ ಇದ್ದೂ ಇಲ್ಲದಂತೆ. ಇಂಥ ಟೆಸ್ಟ್ ಸೋತಾಗ ಅದನ್ನು ಚಂಚಲ ಟೆಸ್ಟ್ ಎಂದು ಬೈದು ಮತ್ತೊಮ್ಮೆ ಓಡಿಸಿ ಹಸಿರು ಬಣ್ಣ ಬರಿಸುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸದು.

ನಮ್ಮ ಕಡೆಯ ಬರಹವೇ ಒಂದು ದೋಷವನ್ನು ಹೊರಹಾಕಿದ ಸಂದರ್ಭವೂ ಇದೆ. "ಪಂಚಾಯತ್‌ಗೆ", "ಬ್ಯಾಂಕ್‌ನಲ್ಲಿ" ಎಂಬಂಥ ಕಡೆ ಒತ್ತಕ್ಷರವಾಗದಂತೆ ತಡೆಯಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಬಳಸುತ್ತೇವೆ. ಯೂನಿಕೋಡಿನಲ್ಲಿ ಅದರ ಸಂಕೇತ 200ಸಿ. ಕೆಲವು ಕೀಲಿಮಣೆಗಳು ಪದದ ಕೊನೆಯಲ್ಲೂ ಅದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಇಂಡೆಕ್ಸಿಗೆ ಬೇರೆ ಬೇರೆ ಪದಗಳು. ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ವಿಳಾಸಗಳ ಮಾದರಿಯಲ್ಲಿ ಪರೀಕ್ಷಾ ದಾಖಲೆಗಳನ್ನು ಮಾಡಿ ನೋಡಿದಾಗ ಇದು ಎದ್ದು ಕಂಡಿತು, ಪದಗಳನ್ನು ಒಡೆಯುವ ಅನಲೈಸರಿನಲ್ಲಿ ಆ ಅಕ್ಷರವನ್ನು ತೆಗೆದುಹಾಕುವ ತಿದ್ದುಪಡಿ ಸುಲಭವೂ ಆಗಿತ್ತು. ಕಷ್ಟವಿದ್ದದ್ದು ಅದನ್ನು ಓಡುತ್ತಿರುವ ಕ್ಲಸ್ಟರಿಗೆ ತಲುಪಿಸುವುದರಲ್ಲಿ. ನೋಡುಗಳನ್ನು ಒಂದೊಂದಾಗಿ ಹೊಸ ಆವೃತ್ತಿಗೆ ಏರಿಸುವಾಗ, ಏರಿದ ನೋಡಿನಲ್ಲಿ ಹುಡುಕುವ ಪದದಿಂದ ಆ ಅಕ್ಷರ ಹೋಗಿರುತ್ತದೆ, ಹಳೆಯ ಇಂಡೆಕ್ಸಿನ ಪದಗಳಲ್ಲಿ ಮಾತ್ರ ಉಳಿದಿರುತ್ತದೆ. ಮೊದಲು ಸಿಗುತ್ತಿದ್ದ ದಾಖಲೆಯೂ ಆ ಪ್ರತಿಯಲ್ಲಿ ಸಿಗುವುದಿಲ್ಲ, ಇನ್ನೂ ಏರದ ನೋಡಿನ ಪ್ರತಿಯಲ್ಲಿ ಸಿಗುತ್ತದೆ.

ಎರಡು ಆವೃತ್ತಿಗಳು ಬೆರೆತ ಕ್ಲಸ್ಟರನ್ನು ಅದೇ ಸಿಮ್ಯುಲೇಶನ್ನಿನಲ್ಲಿ ಓಡಿಸಿ ನೋಡಿದ್ದರಿಂದ ಇದು ಬಳಕೆದಾರರ ವರೆಗೆ ಹೋಗಲಿಲ್ಲ. ಅನಲೈಸರ್ ಹೇಗೆ ವರ್ತಿಸಬೇಕೆಂಬುದನ್ನು ಓಡುತ್ತಿರುವ ಕೋಡಿನ ಆವೃತ್ತಿಯಿಂದ ತಿಳಿಯದೆ, ಇಂಡೆಕ್ಸ್ ಹುಟ್ಟಿದಾಗ ಅದರೊಳಗೆ ಬರೆದಿಟ್ಟ ಆವೃತ್ತಿಯಿಂದ ತಿಳಿಯುವಂತೆ ಬದಲಿಸಿದೆವು. ಹೊಸ ಇಂಡೆಕ್ಸುಗಳಿಗೆ ಹೊಸ ನಡತೆ. ಹಳೆಯವುಗಳಿಗೆ, ಪೂರ್ತಿ ಮರು ಇಂಡೆಕ್ಸ್ ಮಾಡುವವರೆಗೆ, ಹಳೆಯದೇ. ಇಂಥ ಷರತ್ತುಗಳು ಕೋಡಿನಲ್ಲಿ ಸೇರುತ್ತಲೇ ಹೋಗಿ, ವರ್ಷಗಳ ಮೇಲೆ ಯಾಕಿವೆಯೆಂದು ಯಾರಿಗೂ ತಿಳಿಯದಂತಾಗುತ್ತವೆ. ಲೂಸೀನ್ ಸಾಮಾನ್ಯವಾಗಿ ತನ್ನ ಹಿಂದಿನ ಒಂದು ಪ್ರಮುಖ ಆವೃತ್ತಿಯ ಇಂಡೆಕ್ಸನ್ನು ಮಾತ್ರ ಓದುತ್ತದೆಯಾದ್ದರಿಂದ ಈ ಷರತ್ತಿಗೂ ಆಯುಷ್ಯವಿದೆ: ಅದರ ಪಕ್ಕದಲ್ಲೇ ಒಂದು ಅಸರ್ಶನ್ ಇಟ್ಟಿದ್ದೇನೆ, ಹಳೆಯ ಇಂಡೆಕ್ಸುಗಳನ್ನು ಓದಲಾಗದ ಆವೃತ್ತಿಗೆ ನಮ್ಮ ಕೋಡು ತಲುಪಿದ ದಿನ ಬಿಲ್ಡ್ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸ) ನಿಂತು, ಈ ಸಾಲುಗಳನ್ನು ಅಳಿಸು ಎಂಬ ಸಂದೇಶವನ್ನು ತೋರಿಸುತ್ತದೆ.