ಜಗಲಿಯಲ್ಲಿ ಕೂರಿಸಿ, ವಿಚಾರಿಸಿ ಒಳಗೆ ಬಿಟ್ಟ ಫೈಲುಗಳು: ನನ್ನ ಅನುಭವ

ನಾಲ್ಕು ವರ್ಷಗಳಿಂದ ನನ್ನ ಡೌನ್‌ಲೋಡ್ಸ್ ಫೋಲ್ಡರು ಪ್ರತಿ ಭಾನುವಾರ ರಾತ್ರಿ ಬಹುತೇಕ ಖಾಲಿಯಾಗುತ್ತದೆ. ಇಳಿಸಿಕೊಂಡ ಪ್ರತಿಯೊಂದು ಫೈಲನ್ನೂ ಪರೀಕ್ಷಿಸಿ, ಹೆಸರಿಟ್ಟು ಸೇರಿಸುವುದು ಇಲ್ಲವೇ ಅಳಿಸುವುದು ನನ್ನ ಕ್ರಮ. ಆರಂಭದಲ್ಲಿ ಜೊತೆಯವರೆಲ್ಲ, ಆ್ಯಂಟಿವೈರಸ್ ಇದ್ದ ಮೇಲೆ ಇಷ್ಟು ಮಡಿ ಯಾಕೆ ಎಂದು ಕೇಳುತ್ತಿದ್ದರು. ಕಳೆದ ತಿಂಗಳು ಕಚೇರಿಯ ಹಳೆಯ ಸ್ಕ್ಯಾನರಿಗೆ 2019ರ ಡ್ರೈವರ್ ಬೇಕಾದಾಗ, ತಯಾರಕರೇ ಅದನ್ನು ತಮ್ಮ ತಾಣದಿಂದ ತೆಗೆದುಹಾಕಿದ್ದರು. ನಾನು ಅರ್ಧ ನಿಮಿಷದಲ್ಲಿ ಅದನ್ನು ಹುಡುಕಿ, ಎಲ್ಲಿಂದ ಯಾವತ್ತು ಇಳಿಸಿಕೊಂಡದ್ದು ಎಂಬ ವಿವರದೊಂದಿಗೆ ಕೊಟ್ಟೆ. ಅಂದಿನಿಂದ ಅದೇ ಜೊತೆಯವರು ಕ್ರಮವನ್ನು ಬರೆದುಕೊಡಿ ಎನ್ನುತ್ತಿದ್ದಾರೆ.

ಈ ಕ್ರಮಕ್ಕೆ ನಾನು ಬಂದದ್ದು ನಷ್ಟದ ದಾರಿಯಿಂದ. ವಿಂಡೋಸ್ ತನಗೆ ಗೊತ್ತಿರುವ ಫೈಲುಗಳ ವಿಸ್ತರಣೆಯನ್ನು, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರ ಫೈಲಿನ ಬಗೆ ಹೇಳುವ ಅಕ್ಷರಗಳನ್ನು, ತಾನಾಗಿಯೇ ಮರೆಮಾಡುತ್ತದೆ ಎಂಬುದು ತಿಳಿದಿದ್ದರೂ ಆ ಆಯ್ಕೆಯನ್ನು ನಾನು ಬದಲಿಸಿರಲಿಲ್ಲ. 'ವರದಿ.ಪಿಡಿಎಫ್.ಇಎಕ್ಸ್‌ಇ' ಎಂಬ, ನಿಜಕ್ಕೂ ಕಾಗದವಲ್ಲದ, ಒತ್ತಿದರೆ ಓಡುವ ತಂತ್ರಾಂಶದ ಫೈಲು ನನ್ನ ಕಣ್ಣಿಗೆ ಬರೀ 'ವರದಿ.ಪಿಡಿಎಫ್' ಆಗಿ, ಪಿಡಿಎಫ್‌ನದೇ ಚಿತ್ರ ಹೊತ್ತು ಕಾಣಿಸಿತು. ಎರಡು ಬಾರಿ ಒತ್ತಿದೆ. ಅರ್ಧ ಗಂಟೆಯೊಳಗೆ ಎಲ್ಲ ಫೋಲ್ಡರುಗಳಿಗೂ ಬೀಗ ಬಿತ್ತು, ತೆರೆಯಬೇಕಾದರೆ ಹಣ ಕೊಡಿ ಎಂಬ ಬೇಡಿಕೆ ಬಂತು. ಬೇಡಿಕೆಯ ಹಣವನ್ನು ನಾನು ಕೊಡಲಿಲ್ಲ. ಆದರೆ ಡಿಸ್ಕಿನಿಂದ ಅಳಿಸಿಹೋದ ಮೂಲ ಪ್ರತಿಗಳನ್ನು ಮರಳಿ ತೆಗೆಸಲು ಸುಮಾರು ಅರ್ಧ ತಿಂಗಳ ಸಂಬಳ ಹೋಯಿತು. ಸಿಕ್ಕಿದ್ದು ಮೂರರಲ್ಲಿ ಒಂದು ಪಾಲು, ಅದೂ ಹೆಸರಿಲ್ಲದ, ಬರೀ ಅಂಕಿ ಹೊತ್ತ ಸಾವಿರಾರು ಫೈಲುಗಳು. ಅವುಗಳನ್ನು ಒಂದೊಂದಾಗಿ ತೆರೆದು ಹೆಸರಿಡಲು ಹಿಡಿದ ಮೂರು ತಿಂಗಳಲ್ಲಿ, ಫೈಲನ್ನು ಪರೀಕ್ಷಿಸುವುದೂ ಅದಕ್ಕೆ ಹೆಸರಿಡುವುದೂ ಒಂದೇ ಕೆಲಸದ ಎರಡು ಭಾಗಗಳು ಎಂಬುದು ನನಗೆ ಮನವರಿಕೆಯಾಯಿತು.

ಈಗ ನನ್ನಲ್ಲಿ 'ಜಗಲಿ', 'ಮನೆ' ಎಂಬ ಎರಡೇ ಮುಖ್ಯ ಫೋಲ್ಡರುಗಳಿವೆ. ಇಂಟರ್ನೆಟ್ಟಿನಿಂದ ಬಂದ ಯಾವುದೇ ಫೈಲು ಮೊದಲು ಜಗಲಿಯಲ್ಲಿ ಕೂರಬೇಕು. ಎಲ್ಲಿಂದ ಬಂತು, ಹೇಳಿಕೊಂಡದ್ದೇ ಅದು ಹೌದೇ ಎಂದು ವಿಚಾರಿಸಿದ ಮೇಲಷ್ಟೇ ಒಳಗೆ ಪ್ರವೇಶ. ವಿಚಾರಣೆಯ ಮುಖ್ಯ ಸಾಧನ ಶಾ-256 ಮೊತ್ತ, ಅಂದರೆ ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಅಕ್ಷರಸಾಲು. ಫೈಲು ಒಂದಿಷ್ಟು ಬದಲಾದರೂ ಅದು ಬೇರೆಯಾಗುತ್ತದೆ. ಮೊದಮೊದಲು ನಾನು ಆ 64 ಅಕ್ಷರಗಳಲ್ಲಿ ಮೊದಲ ನಾಲ್ಕನ್ನೂ ಕೊನೆಯ ನಾಲ್ಕನ್ನೂ ಮಾತ್ರ ನೋಡಿ ಬಿಡುತ್ತಿದ್ದೆ, ಅದು ಸೋಮಾರಿತನ. ಈಗ ಪ್ರಕಟಿತ ಮೊತ್ತವನ್ನೂ ನಾನು ಲೆಕ್ಕ ಹಾಕಿದ ಮೊತ್ತವನ್ನೂ ಒಂದರ ಕೆಳಗೊಂದು ಅಂಟಿಸಿ ಯಂತ್ರದಿಂದಲೇ ಹೋಲಿಸುತ್ತೇನೆ. ಹಳೆಯ ಬಗೆಯ ಮೊತ್ತವಾದ ಎಂಡಿ5 ಮಾತ್ರ ಕೊಟ್ಟಿರುವ ಕಡೆ ನನ್ನ ನಂಬಿಕೆ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಬೇರೆ ಬೇರೆ ಫೈಲುಗಳಿಗೆ ಒಂದೇ ಎಂಡಿ5 ಮೊತ್ತ ಬರಿಸಬಹುದೆಂದು 2004ರಲ್ಲೇ ತೋರಿಸಲಾಗಿದೆ. 2017ರಲ್ಲಿ ಇನ್ನೊಂದು ಹಳೆಯ ಬಗೆಯಾದ ಶಾ-1ಕ್ಕೂ ಅದೇ ಗತಿಯಾಯಿತು.

ಅಧಿಕೃತ ತಾಣವಾದರೆ ಮೊತ್ತ ನೋಡುವ ಅಗತ್ಯವಿಲ್ಲ ಎನ್ನುವವರಿಗೆ ನಾನು 2016ರ ಫೆಬ್ರವರಿ 20ರ ಘಟನೆಯನ್ನು ಹೇಳುತ್ತೇನೆ. ಅಂದು ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆಯ ಸ್ವಂತ ತಾಣಕ್ಕೇ ನುಗ್ಗಿದವರು ಕೊಂಡಿಯನ್ನು ಬದಲಿಸಿ, ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲಿಟ್ಟ ಡಿಸ್ಕ್ ಪ್ರತಿಯತ್ತ, ಅಂದರೆ ಅನುಸ್ಥಾಪನೆಯ ಫೈಲಿನತ್ತ, ಜನರನ್ನು ತಿರುಗಿಸಿದ್ದರು. ತಾಣವೇ ಕೈತಪ್ಪಿದರೆ ಅಲ್ಲಿ ಬರೆದ ಮೊತ್ತವೂ ಕೈತಪ್ಪಬಹುದು. ಆದ್ದರಿಂದ ದೊಡ್ಡ ತಂತ್ರಾಂಶಗಳ ವಿಷಯದಲ್ಲಿ ಮೊತ್ತದ ಜೊತೆಗೆ ಜಿಪಿಜಿ ಸಹಿಯನ್ನೂ, ಅಂದರೆ ತಯಾರಕರು ತಮ್ಮ ಗುಟ್ಟಿನ ಕೀಲಿಯಿಂದ ಹಾಕುವ ಡಿಜಿಟಲ್ ಸಹಿಯನ್ನೂ ನೋಡುತ್ತೇನೆ.

ಮೊತ್ತ ತಾಳೆಯಾಗದಿದ್ದ ಮಾತ್ರಕ್ಕೆ ವೈರಸ್ ಎಂದು ಹೆದರಬೇಕಿಲ್ಲ. ಒಮ್ಮೆ ನಾಲ್ಕು ಜಿಬಿಗೂ ಮಿಕ್ಕ ಡಿಸ್ಕ್ ಪ್ರತಿ ಇಳಿಸಿದಾಗ ಸಂಪರ್ಕ ನಡುವೆ ಕಡಿದಿತ್ತು, ಆದರೂ ಬ್ರೌಸರು ಪೂರ್ಣಗೊಂಡಿದೆ ಎಂದಿತು. ಮೊತ್ತ ನೋಡದೆ ಅನುಸ್ಥಾಪನೆಗೆ ಕೂತು ಒಂದು ಸಂಜೆಯನ್ನೂ, ಮತ್ತೆ ಮೊದಲಿನಿಂದ ಇಳಿಸಿ ಆ ತಿಂಗಳ ಡೇಟಾವನ್ನೂ ಕಳೆದುಕೊಂಡೆ. ಅಲ್ಲಿಂದ ದೊಡ್ಡ ಫೈಲುಗಳಿಗೆ, ನಿಂತಲ್ಲಿಂದ ಮುಂದುವರಿಸಬಲ್ಲ ಡಬ್ಲ್ಯೂಗೆಟ್ (wget) ಎಂಬ ಆದೇಶವನ್ನೇ ಬಳಸುತ್ತೇನೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಆ್ಯಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲೆಂದೇ ಇರುವ, ಯಾವ ಹಾನಿಯನ್ನೂ ಮಾಡದ ಐಕಾರ್ ಫೈಲಿನ 68 ಬೈಟುಗಳನ್ನು ಬೇರೆ ಬೇರೆ ವೇಷಗಳಲ್ಲಿ ಜಗಲಿಗೆ ತಂದೆ. ಬಿಡಿಯಾಗಿದ್ದಾಗ ತಕ್ಷಣ ಸಿಕ್ಕಿಬಿತ್ತು, ಜಿಪ್ಪಿನೊಳಗಿದ್ದಾಗ ಸ್ಕ್ಯಾನ್ ಮಾಡಿಸಿದ ಮೇಲೆ ಸಿಕ್ಕಿತು, ಪಾಸ್‌ವರ್ಡ್ ಹಾಕಿದ ಜಿಪ್ಪಿನಲ್ಲಿ ಸಿಗಲೇ ಇಲ್ಲ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಅದು ಇಣುಕುವುದಾದರೂ ಹೇಗೆ? ಹಾಗಾಗಿ ಪಾಸ್‌ವರ್ಡನ್ನು ಜೊತೆಯಲ್ಲೇ ಬರೆದು ಕಳುಹಿಸುವ ಜಿಪ್ಪುಗಳನ್ನು, ಕಳುಹಿಸಿದವರನ್ನು ಕೇಳದೆ ನಾನು ತೆರೆಯುವುದಿಲ್ಲ. ಇನ್ನೊಂದು ಪ್ರಯೋಗದ ಫಲ ಹಲವರಿಗೆ ಹೊಸದಾಗಿತ್ತು. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಹಚ್ಚುವ ಗುರುತು ಅದರ ಎನ್‌ಟಿಎಫ್‌ಎಸ್‌ನಂಥ ವಿನ್ಯಾಸದ ಡಿಸ್ಕಿನಲ್ಲಷ್ಟೇ ಉಳಿಯುತ್ತದೆ. ಫ್ಯಾಟ್32 ಎಂಬ ಹಳೆಯ ವಿನ್ಯಾಸದ ಪೆನ್‌ಡ್ರೈವಿಗೆ ಹಾಕಿ ಮರಳಿ ತಂದರೆ ಅದು ಅಳಿಸಿಹೋಗಿ, ಗುರುತನ್ನು ನೋಡಿ ಬರಬೇಕಾದ ಎಚ್ಚರಿಕೆ ಬರುವುದಿಲ್ಲ. ಆದ್ದರಿಂದ ಪೆನ್‌ಡ್ರೈವಿನಲ್ಲಿ ಬಂದದ್ದಕ್ಕೂ ಜಗಲಿಯೇ ಗತಿ. ಫೈಲನ್ನು ಹಲವು ಆ್ಯಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಖಾಸಗಿ ಕಾಗದಪತ್ರಗಳನ್ನು ಏರಿಸುವುದನ್ನೂ ಬಿಟ್ಟಿದ್ದೇನೆ, ಏರಿಸಿದ ಪ್ರತಿ ಅಲ್ಲಿನ ಹಣ ತೆರುವ ಗ್ರಾಹಕರ ಕೈಗೂ ಸಿಗಬಲ್ಲದು. ಮೊತ್ತವನ್ನು ಮಾತ್ರ ಅಲ್ಲಿ ಹುಡುಕುತ್ತೇನೆ.

ಮನೆಯೊಳಗಿನ ವ್ಯವಸ್ಥೆಯಲ್ಲಿ ಎರಡು ಬಾರಿ ಸೋತೆ. ವಿಷಯ, ಉಪವಿಷಯ ಎಂದು ಏಳು ಹಂತಗಳ ಫೋಲ್ಡರು ಮಾಡಿದ್ದರಿಂದ ದಾರಿಯ, ಅಂದರೆ ಫೋಲ್ಡರುಗಳ ಹೆಸರೂ ಫೈಲಿನ ಹೆಸರೂ ಸೇರಿದ ವಿಳಾಸದ ಉದ್ದ ವಿಂಡೋಸಿನ 260 ಅಕ್ಷರಗಳ ಮಿತಿ ಮೀರಿ, ಬ್ಯಾಕಪ್ಪಿನಲ್ಲಿ ಮುನ್ನೂರರಷ್ಟು ಫೈಲುಗಳು ನಕಲಾಗದೆ ಉಳಿದಿದ್ದವು. ಈಗ ಮೂರೇ ಹಂತ. ಹೆಸರಿನಲ್ಲಿ ಮೊದಲು '2023-08-14' ಎಂಬಂತೆ ವರ್ಷ, ತಿಂಗಳು, ದಿನ, ಆಮೇಲೆ ಮೂಲ, ವಿಷಯ, ಆವೃತ್ತಿ. ಹೀಗಿಟ್ಟರೆ ಸಾಲು ತಾನಾಗಿಯೇ ಕಾಲಕ್ರಮಕ್ಕೆ ಬರುತ್ತದೆ. ಎರಡನೆಯ ಸೋಲು ನಕಲುಗಳದ್ದು. ಹೆಸರು ನೋಡಿ ನಕಲೆಂದು ಅಳಿಸಿದ ಒಂದು ಬಿಲ್ಲು ನಕಲಾಗಿರಲಿಲ್ಲ. ಮುಂದೆ ಮೊತ್ತವನ್ನು ಹೋಲಿಸಿಯೇ ತೆಗೆದಾಗ ಆರು ಸಾವಿರದಷ್ಟು ನಕಲುಗಳು ಹೋಗಿ ತೊಂಬತ್ತು ಜಿಬಿ ಬಿಡುವಾಯಿತು, ಹೊಸ ಡಿಸ್ಕಿಗೆ ತೆಗೆದಿಟ್ಟಿದ್ದ ಹಣ ಉಳಿಯಿತು. ಜಗಲಿಯಿಂದ ಮನೆಗೆ ಸಾಗಿಸುವ ಸಣ್ಣ ಸ್ಕ್ರಿಪ್ಟೊಂದನ್ನು ನಾನೇ ಬರೆದುಕೊಂಡಿದ್ದೇನೆ. ಅದು ಮೂಲದ ವಿಳಾಸವನ್ನೂ ಮೊತ್ತವನ್ನೂ ಒಂದು ಪಟ್ಟಿಗೆ ಸೇರಿಸುತ್ತದೆ. 

ಹೋದ ಭಾನುವಾರ ಜಗಲಿಯಲ್ಲಿ ನಲವತ್ತೊಂದು ಫೈಲುಗಳಿದ್ದವು. ಹನ್ನೆರಡು ಒಳಗೆ ಹೋದವು, ಇಪ್ಪತ್ತೆಂಟನ್ನು ಅಳಿಸಿದೆ. ಒಂದು ಇನ್ನೂ ಅಲ್ಲೇ ಇದೆ. ಅದರ ಮೊತ್ತವನ್ನು ತಯಾರಕರು ಎಲ್ಲೂ ಪ್ರಕಟಿಸಿಲ್ಲ, ನಾನು ಪತ್ರ ಬರೆದು ಮೂರು ವಾರಗಳಾದವು.