ಮಡಿಕೆ ಪರ್ವತಗಳಲ್ಲಿ ತೈಲ ಹುಡುಕುವುದು ಹೇಗೆ?

ಕೋಲಾರದ ಕಡೆ ಕೊಳವೆಬಾವಿ ಕೊರೆಯುವಾಗ ಉಕ್ಕಿದ ಮೊದಲ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ, ಸುತ್ತ ನಿಂತವರಲ್ಲಿ ಒಬ್ಬರಾದರೂ ‘ಪೆಟ್ರೋಲ್ ಸಿಕ್ಕಿತು’ ಎನ್ನದೆ ಇರುವುದಿಲ್ಲ. ಅದು ಸಾಮಾನ್ಯವಾಗಿ ಹ್ಯಾಮರ್ ಸವೆಯದಿರಲೆಂದು ಕಂಪ್ರೆಸರ್ ಗಾಳಿಯೊಂದಿಗೆ ಹಾಯಿಸಿದ ಎಣ್ಣೆ. ಕೆರೆಯಂಚಿನ ಜೌಗಿನಲ್ಲಿ ಕಾಣುವ ಇಂಥದೇ ಪೊರೆ ಹೆಚ್ಚಾಗಿ ಕಬ್ಬಿಣದ ಅಂಶದಿಂದ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಒಂದು ಕಡ್ಡಿಯಿಂದ ಕಲಕಿದರೆ ವ್ಯತ್ಯಾಸ ತಿಳಿಯುತ್ತದೆ: ಬ್ಯಾಕ್ಟೀರಿಯಾದ ಪೊರೆ ಚೂರುಚೂರಾಗಿ ಒಡೆದು ಹಾಗೆಯೇ ತೇಲುತ್ತದೆ, ಎಣ್ಣೆಯ ಪೊರೆ ಸುಳಿದಾಡಿ ಮತ್ತೆ ಕೂಡಿಕೊಳ್ಳುತ್ತದೆ.

ನಿಜವಾದ ಹುಡುಕಾಟದ ಮೊದಲ ಹೆಜ್ಜೆ ಬಂಡೆಯ ಆಯ್ಕೆ. ನಮ್ಮ ಕೋಲಾರದ ಕಡೆ ಸಾಕಷ್ಟು ಆಳಕ್ಕೆ ಹೋಗದ ಕಾರಣ ತೈಲ ಸಿಕ್ಕಿಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತೈಲ ಹುಟ್ಟಲು ಬೇಕಾದ ಶಾಖ ಸುಮಾರು 60ರಿಂದ 120 ಡಿಗ್ರಿ. ಅಂದರೆ ಆಳವಿದೆ, ಶಾಖವಿದೆ, ಕೋಲಾರದ ಪಟ್ಟಿಯ ಬಂಡೆಗಳಲ್ಲಿ ಮಡಿಕೆಯೂ, ಅಂದರೆ ಒತ್ತಡಕ್ಕೆ ಬಾಗಿ ಮಡಿಸಿಕೊಂಡ ಪದರಗಳೂ ಇವೆ, ಇಲ್ಲದಿರುವುದು ತೈಲ ಹುಟ್ಟುವ ಮೂಲಶಿಲೆ. ಸಮುದ್ರತಳದಲ್ಲಿಯೋ ಸರೋವರದಲ್ಲಿಯೋ ಪಾಚಿ ಮತ್ತು ಸೂಕ್ಷ್ಮಜೀವಿಗಳು ಕೆಸರಿನೊಂದಿಗೆ ಹೂತು, ಗಾಳಿ ಸೋಕದೆ ಉಳಿದು ಗಟ್ಟಿಯಾದ ಕಪ್ಪು ಜೇಡುಶಿಲೆಯಂಥ ಪದರುಶಿಲೆ ಬೇಕು. ಸುಮಾರು 270 ಕೋಟಿ ವರ್ಷ ಹಳೆಯದಾದ, ನೂರಾರು ಡಿಗ್ರಿ ಶಾಖದಲ್ಲಿ ಬೆಂದು ರೂಪಾಂತರಗೊಂಡ ಇಲ್ಲಿನ ಬಂಡೆಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ. ಆದ್ದರಿಂದ ಹುಡುಕುವವರು ಪದರುಶಿಲೆಗಳೇ ಮಡಿಸಿಕೊಂಡು ಎದ್ದ ಇರಾನಿನ ಜಾಗ್ರೋಸ್ ಪರ್ವತಗಳು, ಅಸ್ಸಾಂ–ನಾಗಾ ಬೆಟ್ಟಗಳ ತಪ್ಪಲು, ಕೆನಡಾದ ರಾಕಿ ಪರ್ವತಗಳ ಬುಡ ಇಂಥ ಕಡೆಗೆ ಹೋಗುತ್ತಾರೆ.

ಎರಡನೆಯದು ಸೋರಿಕೆಗಳ ಪಟ್ಟಿ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಬಾವಿ ಕೊರೆಯಲು ತೊಡಗಿದ್ದಕ್ಕೆ ನೆಲದಲ್ಲಿ ಜಿನುಗುತ್ತಿದ್ದ ಎಣ್ಣೆಯೇ ಕಾರಣ. 1901ರಲ್ಲಿ ಅಲ್ಲಿ ಶುದ್ಧೀಕರಣಾಗಾರವೂ ಆರಂಭವಾಯಿತು. ಆದರೆ ಸೋರಿಕೆಯನ್ನು ಪೂರ್ತಿ ನಂಬಬಾರದು. ಹಿಮಾಚಲದ ಜ್ವಾಲಾಮುಖಿ ದೇವಾಲಯದಲ್ಲಿ ಬಂಡೆಯ ಬಿರುಕಿನಿಂದ ಬರುವ ಅನಿಲ ಉರಿಯುತ್ತಲೇ ಇದೆ, ಆದರೂ ಆ ತಪ್ಪಲಿನಲ್ಲಿ ಕೊರೆದ ಬಾವಿಗಳು ವಾಣಿಜ್ಯ ಉತ್ಪಾದನೆ ಕೊಟ್ಟಿಲ್ಲ. ಸೋರುತ್ತಿದೆ ಎಂದರೆ ತೈಲವನ್ನು ಒಳಗೆ ತಡೆದಿಡುವ ಬಂಡೆಯ ಮುಚ್ಚಳ ಎಲ್ಲೋ ಬಿರಿದಿದೆ ಎಂದೂ ಅರ್ಥ.

ಮೂರನೆಯ ಹೆಜ್ಜೆ ಮಡಿಕೆಯ ಅಳತೆ, ಮತ್ತು ಇಲ್ಲಿಯೇ ಹೆಚ್ಚು ಸಮಯ ಹೋಗಬೇಕು. ನಾಲ್ಕು ಕಂಬಳಿಗಳನ್ನು ಒಂದರ ಮೇಲೊಂದು ಹಾಸಿ ಒಂದು ಅಂಚಿನಿಂದ ತಳ್ಳಿ ನೋಡಿ: ಮೊದಲು ಉಬ್ಬು ಏಳುತ್ತದೆ, ಇನ್ನೂ ತಳ್ಳಿದರೆ ಉಬ್ಬು ಮುಂದಕ್ಕೆ ವಾಲಿ, ಪಕ್ಕದ ಮಡಿಕೆಯ ಮೇಲೆ ಹತ್ತಿ ಕೂರುತ್ತದೆ. ಕಮಾನಿನಂತೆ ಎದ್ದ ಉಬ್ಬು ಭೂವಿಜ್ಞಾನಿಗಳ ಆಂಟಿಕ್ಲೈನ್; ಒಂದರ ಮೇಲೊಂದು ಹತ್ತಿದ ಜಾಗ ಥ್ರಸ್ಟ್. ನೀರಿಗಿಂತ ಹಗುರಾದ ತೈಲ ರಂಧ್ರಗಳುಳ್ಳ ಪದರದೊಳಗೆ ಮೇಲೇರಿ ಕಮಾನಿನ ನೆತ್ತಿಯಲ್ಲಿ ನಿಲ್ಲುತ್ತದೆ, ಅದರ ಮೇಲೆ ಜೇಡುಶಿಲೆಯೋ ಉಪ್ಪಿನ ಪದರವೋ ಮುಚ್ಚಳವಾಗಿದ್ದರೆ. ಕ್ಷೇತ್ರದಲ್ಲಿ ಪ್ರತಿ ಬಂಡೆಯ ಮುಖದ ಮೇಲೆ ದಿಕ್ಸೂಚಿ ಇಟ್ಟು ಪದರ ಯಾವ ದಿಕ್ಕಿಗೆ, ಎಷ್ಟು ಕೋನದಲ್ಲಿ ಇಳಿದಿದೆಯೆಂದು ಬರೆದುಕೊಳ್ಳುತ್ತಾರೆ. ಜಾಗ್ರೋಸ್‌ನಲ್ಲಿ ತೈಲ ಮುಖ್ಯವಾಗಿ ನಿಂತಿರುವುದು ಅಸ್ಮಾರಿ ಎಂಬ ಸುಣ್ಣಕಲ್ಲಿನಲ್ಲಿ; ಅಲ್ಲಿನ ಬಾವಿಗಳಿಗೆ ಹರಿವು ಕೊಡುವುದು ಹೆಚ್ಚಾಗಿ ಮಡಿಯುವಾಗ ಬಿದ್ದ ಬಿರುಕುಗಳು. ಬಂಡೆಯ ಬಿರುಕು ತಪ್ಪಿದರೆ ಸಾವಿರ ಅಡಿಯಲ್ಲೂ ಬರೀ ಧೂಳು ಕಾಣುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಕೇಳಬೇಕಾದ್ದು ಕಾಲದ ಪ್ರಶ್ನೆ. ಮೂಲಶಿಲೆಯಿಂದ ತೈಲ ಹೊರಟ ಮೇಲೆ ಮಡಿಕೆ ಎದ್ದಿದ್ದರೆ, ಪಾತ್ರೆ ಇಡುವ ಮೊದಲೇ ಹಾಲು ಕರೆದಂತಾಗುತ್ತದೆ. ನನ್ನ ಮಟ್ಟಿಗೆ ಎಲ್ಲ ಲಕ್ಷಣಗಳೂ ಕೂಡಿಬಂದ ಎಷ್ಟೋ ಬಾವಿಗಳು ಒಣಗಿರುವುದಕ್ಕೆ ಈ ಲೆಕ್ಕದ ತಪ್ಪು ದೊಡ್ಡ ಕಾರಣ.

ಐದನೆಯದು ಭೂಕಂಪನ ಸಮೀಕ್ಷೆ. ಸಣ್ಣ ರಂಧ್ರಗಳಲ್ಲಿ ಸ್ಫೋಟಕ ಸಿಡಿಸಿ, ಆಳದ ಪದರಗಳಿಂದ ಮರಳುವ ಅಲೆಗಳನ್ನು ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳಿಂದ ದಾಖಲಿಸುತ್ತಾರೆ. ಬಯಲಿನಲ್ಲಿ ಸುಲಭವಾದ ಈ ಕೆಲಸ ಬೆಟ್ಟದಲ್ಲಿ ಕಷ್ಟ: ಕಡಿದಾದ ಪದರಗಳು ಅಲೆಗಳನ್ನು ಎಲ್ಲೆಲ್ಲಿಗೋ ಚದುರಿಸುವುದರಿಂದ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಬೆಟ್ಟವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವಂಥ ಅಡ್ಡಸೀಳಿನ ನಕ್ಷೆ ಬರೆದು ತಾಳೆ ನೋಡುತ್ತಾರೆ. ಕಾಗದದ ಮೇಲೆ ಒಂದೊಂದು ಪದರದ ಗೆರೆಗುಂಟ ದಾರವಿಟ್ಟು, ಆ ದಾರವನ್ನು ನೇರ ಎಳೆದು ಅಳೆದರೆ ಎಲ್ಲ ಪದರಗಳ ಉದ್ದ ಹೆಚ್ಚುಕಡಿಮೆ ಒಂದೇ ಬರಬೇಕು, ಮಡಿಯುವ ಮೊದಲು ಅವು ಒಂದರ ಮೇಲೊಂದು ಸಮನಾಗಿ ಹಾಸಿದ್ದವಲ್ಲ. ಬರದಿದ್ದರೆ ಬಿಡಿಸಿದ ಚಿತ್ರವನ್ನೇ ತಿದ್ದಬೇಕು.

ಕೊನೆಯದು ಕೊರೆಯುವುದು. ಕೊಳವೆಬಾವಿಗೆ ಹಾಯಿಸುವ ಗಾಳಿಯ ಬದಲು ಇಲ್ಲಿ ಭಾರವಾದ ಕೆಸರನ್ನು ಒಳಗೆ ಹರಿಸುತ್ತಾರೆ. ಅದಕ್ಕೆ ತೂಕ ಕೊಡುವ ಬೆರೈಟ್ ಖನಿಜದ ಬಹುದೊಡ್ಡ ನಿಕ್ಷೇಪ ಆಂಧ್ರದ ಕಡಪ ಕಡೆಯ ಮಂಗಂಪೇಟೆಯಲ್ಲಿದೆ. ಕೆಸರಿನೊಂದಿಗೆ ಮೇಲೆ ಬಂದ ಕಲ್ಲಿನ ಚೂರುಗಳನ್ನು ತೊಳೆದು, ಕತ್ತಲ ಪೆಟ್ಟಿಗೆಯಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ತೈಲ ಸೋಕಿದ ಚೂರು ಹಳದಿಯಾಗಿಯೋ ನೀಲಿಯಾಗಿಯೋ ಹೊಳೆಯುತ್ತದೆ. ನೆಲದ ಮೇಲೆ ಕಂಡ ನೆತ್ತಿಗೆ ನೇರ ಕೊರೆದರೆ ವಾಲಿದ ಮಡಿಕೆಯ ಒಳನೆತ್ತಿ ತಪ್ಪಿಹೋಗುವುದೂ ಉಂಟು. ಕೆನಡಾದ ಟರ್ನರ್ ವ್ಯಾಲಿಯಲ್ಲಿ 1914ರಲ್ಲಿ ಸಿಕ್ಕಿದ್ದು ಅನಿಲ ಮತ್ತು ಅದರೊಡನೆ ಬಂದ ತೆಳು ದ್ರವ. ಅದೇ ಮಡಿಕೆಯ ಪಶ್ಚಿಮ ಮಗ್ಗುಲಲ್ಲಿ, ಇನ್ನೂ ಆಳದಲ್ಲಿ, ಕಚ್ಚಾ ತೈಲವಿದೆಯೆಂದು ತಿಳಿಯಲು 1936ರವರೆಗೆ ಕಾಯಬೇಕಾಯಿತು.